ಹಿಟ್ಟು ಮಲಗಿದೆ, ಎಬ್ಬಿಸಬೇಡ

ಫೆಬ್ರವರಿ 4, ಮಂಗಳವಾರ

ಮಕ್ಕಳ ಡಾಕ್ಟರಮ್ಮ ಇವತ್ತು ನನ್ನ ಪಟ್ಟಿ ನೋಡಿದರು. ಹಾಲು ಕುಡಿದ ಹೊತ್ತು, ಎಷ್ಟು ನಿಮಿಷ, ಯಾವ ಮಗ್ಗುಲು, ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು. ಹನ್ನೊಂದು ಹಾಳೆ. ಅವರು ಮೂರನೆಯ ಹಾಳೆಗೇ ಕನ್ನಡಕ ತೆಗೆದಿಟ್ಟರು.

"ಮಗು ಚೆನ್ನಾಗಿದೆ. ತೂಕ ಒಂಚೂರು ಕಡಿಮೆ, ಆದ್ರೆ ಏರ್ತಾ ಇದೆ. ನೀವು ನೆಟ್ಟಗೆ ನಿದ್ದೆ ಮಾಡಿ ಎಷ್ಟು ದಿನ ಆಯ್ತು?"

"ಐದು ತಿಂಗಳು," ಅಂದೆ.

ಅವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ಮಗುವಿಗೆ ಈಗ ಐದು ತಿಂಗಳು.

"ಬರೀಲೇಬೇಕು ಅಂತಿದ್ರೆ ಬೇರೆ ಏನಾದ್ರೂ ಬರೀರಿ. ಉಸಿರು ಅದರ ಪಾಡಿಗೆ ಅದು ನಡೆಯುತ್ತೆ, ನೀವು ಹಾಜರಿ ತಗೋಬೇಕಾಗಿಲ್ಲ."

ಅದಕ್ಕೇ ಈ ಪುಸ್ತಕ. ಪ್ರಯೋಗಾಲಯದಿಂದ ಎಂದೋ ಮನೆಗೆ ಬಂದ ಖಾಲಿ ದಾಖಲೆ ಪುಸ್ತಕ. ನಾನು ಊರಿನ ಕುಡಿಯುವ ನೀರು ಪರೀಕ್ಷೆ ಮಾಡುವವಳು. ಪ್ರತಿ ಪುಟದ ನೆತ್ತಿಯಲ್ಲೂ ನಾಲ್ಕು ಕಲಂ ಅಚ್ಚಾಗಿವೆ: ಮಾದರಿ, ಬಣ್ಣ, ವಾಸನೆ, ಷರಾ. ಆ ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಬರೆಯುತ್ತಿದ್ದೇನೆ.

ರಜೆ ಮುಗಿಯುವುದು ಮಾರ್ಚ್ ಎರಡಕ್ಕೆ. ಮೂರನೇ ತಾರೀಖು ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಇಲ್ಲವೇ ಕೆಲಸ ಬಿಡಬೇಕು. ರಾಜೀನಾಮೆ ಪತ್ರ ಬರೆದಾಗಿದೆ. ಈ ಪುಸ್ತಕದ ಕೊನೆಯ ರಟ್ಟಿನೊಳಗೆ ಮಡಚಿ ಇಟ್ಟಿದ್ದೇನೆ. ದಿನಾಂಕವೊಂದೇ ಬಾಕಿ. ಕೆಲಸ ಬೇಡವೆಂದಲ್ಲ. ಮಗು ನನ್ನ ಕೈಯಲ್ಲಲ್ಲದೆ ಬೇರೆ ಯಾರ ಕೈಯಲ್ಲೂ ಹಾಲು ಕುಡಿಯುವುದಿಲ್ಲ, ಚಮಚ ಕಂಡರೆ ಮುಖ ತಿರುಗಿಸುತ್ತಾಳೆ. ಅವಳನ್ನು ಇನ್ನೊಬ್ಬರ ಮಡಿಲಿಗೆ ಹಾಕಿ ಬಾಗಿಲು ದಾಟುವುದನ್ನು ನೆನೆದರೇ ನನ್ನ ಅಂಗಾಲು ತಣ್ಣಗಾಗುತ್ತದೆ.

ಆಸ್ಪತ್ರೆಯಿಂದ ಬರುವಾಗ ಕೆಳಮನೆಯಲ್ಲಿ ಯಾರೋ ಎಳ್ಳು ಹುರಿಯುತ್ತಿದ್ದರು. ಮಗುವನ್ನು ಎತ್ತಿಕೊಂಡು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟೆ. ಎಷ್ಟೋ ವರ್ಷದ ಹಿಂದಿನ ಒಂದು ಗೋಣಿಚೀಲ ಕೆನ್ನೆಗೆ ಒರಟಾಗಿ ತಾಗಿತು.

ಫೆಬ್ರವರಿ 6, ಗುರುವಾರ

ಭಟ್ಟಿ ಅಜ್ಜಿ. ಅವಳ ಹೆಸರೇನೆಂದು ನನಗೆ ಇಂದಿಗೂ ಗೊತ್ತಿಲ್ಲ. ನಾವು ಆಗಿದ್ದ ಬೀದಿಯ ಕೊನೆಯಲ್ಲಿ ಅವಳ ಸಣ್ಣ ಬೇಕರಿ ಇತ್ತು. ನನಗೆ ಒಂದು ವರ್ಷ ತುಂಬುವ ಹೊತ್ತಿಗೆ ಅಪ್ಪ ತೀರಿಕೊಂಡರು, ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಹೋಗುವಾಗ ನನ್ನನ್ನು ಬೇಕರಿಯಲ್ಲಿ ಬಿಡುವುದು, ಸಂಜೆ ಬರುವಾಗ ಕರೆದುಕೊಂಡು ಹೋಗುವುದು. ಶಾಲೆಗೆ ಸೇರುವವರೆಗೆ ನಾಲ್ಕು ವರ್ಷ ನಾನು ಬೆಳೆದದ್ದು ಆ ಬೇಕರಿಯ ಹಿಂದಿನ ಕೋಣೆಯಲ್ಲಿ, ರವೆ ಮೂಟೆಗಳ ಮೇಲೆ. ಅಜ್ಜಿ ನನ್ನನ್ನು ಕರೆಯುತ್ತಿದ್ದದ್ದೇ "ಮೂಟೆಮರಿ" ಎಂದು.

ಅವಳು ರವೆಯ ಬ್ರೆಡ್ಡು ಮಾಡುತ್ತಿದ್ದಳು. ಒಳಗೆ ಹಳದಿ, ಹೊರಗೆ ಗಟ್ಟಿ ಕಂದು, ಮೈತುಂಬ ಎಳ್ಳು. ಭಟ್ಟಿಯಿಂದ ಹೊರಬಂದ ಮೇಲೆ ಅವು ಹಲಗೆಯ ಮೇಲೆ ಕೂತು ಚಟಚಟ ಸದ್ದು ಮಾಡುತ್ತಿದ್ದವು. "ನೋಡು, ಮಾತಾಡ್ಕೋತಾ ಇವೆ," ಎನ್ನುತ್ತಿದ್ದಳು. ನಾನು ಕಿವಿಯಿಟ್ಟು ಕೇಳುತ್ತಿದ್ದೆ. ಮಧ್ಯಾಹ್ನ ಮಲಗಿಸುವಾಗ ಬಾಯಿಗೆ ಬೆರಳಿಟ್ಟು, "ಹಿಟ್ಟು ಮಲಗಿದೆ, ಎಬ್ಬಿಸಬೇಡ," ಎನ್ನುತ್ತಿದ್ದಳು. ಎಬ್ಬಿಸಿಬಿಟ್ಟೇನೆಂದು ನಾನು ಉಸಿರು ಬಿಗಿಹಿಡಿದು ಮಲಗುತ್ತಿದ್ದೆ, ಹಾಗೆ ನಿದ್ದೆ ಹೋಗುತ್ತಿದ್ದೆ. ಯಾವ ಹಿಟ್ಟು, ಅದು ಎಲ್ಲಿ ಮಲಗಿತ್ತು ಎಂಬುದು ನೆನಪಿಲ್ಲ.

ಎಷ್ಟು ಸುಲಭವಾಗಿತ್ತು ನಿದ್ದೆ.

ಇವತ್ತು ಮಾಡಿ ನೋಡಿದೆ. ಮದುವೆಗೆ ಯಾರೋ ಕೊಟ್ಟ ಓವನ್ನಿನಲ್ಲಿ ಇಷ್ಟು ದಿನ ಡಬ್ಬಗಳ ಮುಚ್ಚಳ ತುಂಬಿಟ್ಟಿದ್ದೆ, ಅವನ್ನೆಲ್ಲ ಹೊರಗೆ ಹಾಕಿದೆ. ಮನೆಯಲ್ಲಿದ್ದದ್ದು ದಪ್ಪ ರವೆ. ತೂಕ ಮಾಡಿ, ನೀರು ಅಳೆದು, ಯೀಸ್ಟ್ ಗ್ರಾಂ ಲೆಕ್ಕದಲ್ಲಿ ಹಾಕಿದೆ. ಬೆಂದದ್ದನ್ನು ಚಾಕುವಿನಿಂದ ಮುಟ್ಟಿದ ಕೂಡಲೇ ಕುಸಿದು ಗುಡ್ಡೆಯಾಯಿತು.

ಇವರು ಕೆಲಸದಿಂದ ಬಂದು ತಟ್ಟೆ ನೋಡಿದರು. ಇವರು ಲಿಫ್ಟ್ ರಿಪೇರಿ ಮಾಡುವವರು, ಯಾವುದನ್ನು ಕಂಡರೂ ಮೊದಲು ಬೆರಳಲ್ಲಿ ಒತ್ತಿ ನೋಡುತ್ತಾರೆ.

"ಒಳ್ಳೇ ಮರಳು. ಒಂದು ಚೀಲ ಸಿಮೆಂಟ್ ತರಲಾ?"

"ರೀ, ಸುಮ್ನಿರಿ."

"ಅಲ್ಲ, ಬಾಲ್ಕನಿ ಮೂಲೆ ಬಿರುಕು ಬಿಟ್ಟಿದೆ, ಅದಕ್ಕೆ ಹೇಳಿದೆ."

ನಕ್ಕೆನೋ ಏನೋ. ಮಗು ಬೆಚ್ಚಿಬಿದ್ದಳು.

ಫೆಬ್ರವರಿ 7, ಶುಕ್ರವಾರ

ಉಸಿರು: 38, 41, 36. ಬರೆಯಬಾರದು ಅಂದುಕೊಂಡಿದ್ದೆ.

ಫೆಬ್ರವರಿ 10, ಸೋಮವಾರ

ಅಮ್ಮ ಬಂದಿದ್ದಳು. ಊರಿನ ಆ ತುದಿಯಿಂದ ಎರಡು ಬಸ್ಸು ಬದಲಾಯಿಸಿ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಏನು ಸುಟ್ಟಿದ್ದೀಯ?" ಅಂದಳು. ಕೈ ತೊಳೆದು ಮಗುವನ್ನು ಎತ್ತಿಕೊಂಡವಳೇ ನೆತ್ತಿ ಮೂಸಿದಳು.

"ತಲೆಗೆ ನೀರು ಹಾಕಲಾ?"

"ಬೇಡ."

ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು. ಅಮ್ಮ ಮಗುವನ್ನು ಸರಿಯಾಗಿ ಹಿಡಿದುಕೊಂಡು ಕಿಟಕಿಯತ್ತ ತಿರುಗಿದಳು.

ಅವಳಿಗೆ ಹೇಗೆ ಗೊತ್ತಾಗಬೇಕು. ದಿನಾ ಸಂಜೆ ಬೇಕರಿಯಿಂದ ಮನೆಗೆ ಬಂದ ಕೂಡಲೇ ನನ್ನನ್ನು ನೆಟ್ಟಗೆ ಬಚ್ಚಲಿಗೆ ಕರೆದೊಯ್ಯುತ್ತಿದ್ದಳು. ಒಂದು ತುತ್ತು ಇಲ್ಲ, ಒಂದು ಮಾತಿಲ್ಲ. ತಲೆಯ ಮೇಲೆ ಬಿಸಿನೀರು, ಕಣ್ಣಿಗೆ ಸೋಪು. ಚಳಿಗಾಲದಲ್ಲೂ ಬಿಡುತ್ತಿರಲಿಲ್ಲ. "ಬೇಕರಿ ಕೊಳೆ," ಎನ್ನುತ್ತ ತಿಕ್ಕುತ್ತಿದ್ದಳು. ನಾನೇ ಏನೋ ಕೊಳಕು ಎಂದು ನನಗನಿಸುತ್ತಿತ್ತು. ಇವತ್ತಿಗೂ ತಲೆಗೆ ನೀರು ಬಿದ್ದಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತೇನೆ.

ಹೊರಡುವ ಹೊತ್ತಿಗೆ ಅಮ್ಮ ಹೇಳಿದಳು. "ಮೂರನೇ ತಾರೀಖಿಂದ ನಾನು ಬರ್ತೀನಿ. ಮಗೂನ ನೋಡ್ಕೋತೀನಿ."

"ನೋಡೋಣ ಅಮ್ಮ. ದಿನಾ ಎರಡೆರಡು ಬಸ್ಸು..."

"ಬಸ್ಸು ನಾನು ಓಡಿಸಲ್ಲ ಕಣೇ. ಕೂತ್ಕೋತೀನಿ."

ಆಮೇಲೆ ಅವಳ ಕಣ್ಣು ತಟ್ಟೆಯ ಮೇಲೆ ಬಿತ್ತು. ಗುರುವಾರದ ಬ್ರೆಡ್ಡು, ಎಸೆಯಲು ಮನಸ್ಸಾಗದೆ ಬೆಳಿಗ್ಗೆ ಮತ್ತೆ ಓವನ್ನಿಗಿಟ್ಟು ತೆಗೆದಿದ್ದೆ. "ಅದೇನು ಪುಡಿ?"

"ಭಟ್ಟಿ ಅಜ್ಜಿ ಮಾಡ್ತಿದ್ಲಲ್ಲ, ರವೆ ಬ್ರೆಡ್ಡು. ಮಾಡೋಕೆ ಹೋದೆ."

ಅಂಗಡಿಯ ಷಟರ್ ಎಳೆದಂತೆ ಅಮ್ಮನ ಮುಖ ಮುಚ್ಚಿಕೊಂಡಿತು. "ಅದ್ಯಾಕೆ ಈಗ?"

"ಯಾಕೋ ನೆನಪಾಯ್ತು."

"ನೆನೆಸಿಕೊಳ್ಳೋಕೆ ಬೇರೆ ಏನೂ ಸಿಗಲಿಲ್ವಾ ನಿನಗೆ?" ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಬರೆಯಬಾರದು, ಆದರೂ ಬರೆಯುತ್ತೇನೆ. ನನ್ನನ್ನು ನೋಡಿಕೊಂಡವಳು ಅವಳಲ್ಲ. ನನ್ನ ಮಗುವನ್ನು ನೋಡಿಕೊಳ್ಳುವುದು ಅವಳಿಗೆ ಎಲ್ಲಿಂದ ಬರಬೇಕು?

ಫೆಬ್ರವರಿ 13, ಗುರುವಾರ

ಮಗುವನ್ನು ಎದೆಗೆ ಕಟ್ಟಿಕೊಂಡು ಹಳೇ ಬೀದಿಗೆ ಹೋಗಿ ಬಂದೆ. ಇವರಿಗೆ ಹೇಳಿಲ್ಲ.

ಬೀದಿ ಕುಗ್ಗಿದೆ. ಅಥವಾ ನಾನು ಹಿಗ್ಗಿದ್ದೇನೆ. ಬೇಕರಿ ಇದ್ದಲ್ಲಿ ಈಗ ಜೆರಾಕ್ಸ್ ಅಂಗಡಿ. ಅಜ್ಜಿ ಹೋಗಿ ಹನ್ನೆರಡು ವರ್ಷವಾಯಿತು ಎಂದು ಗೊತ್ತಿದ್ದರೂ ಬಾಗಿಲಲ್ಲಿ ಇಣುಕಿದಾಗ ಕಣ್ಣು ಮೊದಲು ಹುಡುಕಿದ್ದು ಅವಳನ್ನೇ. ಅಂಗಡಿಯವನು ಬಡಕಲು ಮನುಷ್ಯ, ಕಿವಿಯ ಮೇಲೆ ಪೆನ್ನು.

"ಎಷ್ಟು ಕಾಪಿ?"

"ಕಾಪಿ ಬೇಡ. ಹಿಂದಿನ ಕೋಣೆ ಒಮ್ಮೆ ನೋಡಬಹುದಾ? ಚಿಕ್ಕವಳಿದ್ದಾಗ ಇಲ್ಲೇ ಇದ್ದೆ."

ಅವನು ನನ್ನನ್ನೂ ಎದೆಯ ಮೇಲಿನ ಗಂಟನ್ನೂ ನೋಡಿದ. "ನೋಡಿ. ಕಾಗದದ ಬಂಡಲ್ ಮೇಲೆ ಬೀಳಬೇಡಿ."

ಭಟ್ಟಿಯ ಬಾಯಿಗೆ ಇಟ್ಟಿಗೆ ಕಟ್ಟಿ ಸುಣ್ಣ ಬಳಿದಿದ್ದಾರೆ. ಅದರ ಮೇಲಿನ ಗೋಡೆ ಮಾತ್ರ ಇನ್ನೂ ಕಪ್ಪು. ಎಷ್ಟು ಸಲ ಬಳಿದರೂ ಮಸಿ ಮತ್ತೆ ಮೇಲೆ ಬರುತ್ತದಂತೆ. ಮೂಟೆಗಳಿದ್ದ ಕಡೆ ಕಾಗದದ ರಾಶಿ. ಯಂತ್ರದಿಂದ ಬಂದ ಹಾಳೆಗಳು ಬೆಚ್ಚಗಿದ್ದವು. ಒಂದರ ಮೇಲೆ ಕೈಯಿಟ್ಟೆ. ಮಗುವಿನ ಬೆನ್ನಿನಷ್ಟೇ ಬಿಸಿ.

ಎಳ್ಳಿನ ವಾಸನೆ ಇರಲಿಲ್ಲ. ಪ್ರಯೋಗಾಲಯದಲ್ಲಿ ನೀರಿಗೆ ಏನಾದರೂ ವಾಸನೆ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ನನ್ನನ್ನೇ ಕರೆಯುತ್ತಾರೆ. ನನ್ನ ಮೂಗಿಗೆ ಸಿಗಲಿಲ್ಲವೆಂದರೆ ಇಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅತ್ತೆ. ಪಕ್ಕದವರು ಮಗುವಿಗೆ ಹುಷಾರಿಲ್ಲವಾ ಎಂದು ಕೇಳಿದರು.

ಫೆಬ್ರವರಿ 15, ಶನಿವಾರ

ಸಣ್ಣ ರವೆ ತಂದು ಮತ್ತೆ ಮಾಡಿದೆ. ಹಿಟ್ಟು ಉಬ್ಬಲಿಲ್ಲ. ಈ ಚಳಿಗೆ ಯಾವುದೂ ಉಬ್ಬುವುದಿಲ್ಲ. ಐದೈದು ನಿಮಿಷಕ್ಕೆ ಬಟ್ಟೆ ಸರಿಸಿ ನೋಡಿದೆ. ಆಮೇಲೆ ಓವನ್ ಬಾಗಿಲನ್ನು ಏಳು ಸಲ ತೆಗೆದೆ. ಮೇಲೆ ಉದುರಿಸಿದ ಎಳ್ಳೆಲ್ಲ ಕತ್ತರಿಸುವಾಗ ಜಾರಿ ನೆಲಕ್ಕೆ ಬಿತ್ತು. ಬ್ರೆಡ್ಡನ್ನು ಮೇಜಿಗೆ ಕುಟ್ಟಿದರೆ ಟಣ್ ಎಂದಿತು.

ಇವರು ಅದನ್ನು ಅಂಗೈಯಲ್ಲಿಟ್ಟು ತೂಗಿದರು. "ನಮ್ಮ ಲಿಫ್ಟಿಗೆ ಇಂಥದ್ದೇ ಒಂದು ಭಾರ ಬೇಕಿತ್ತು." ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಅಂಗಡೀಲಿ ಸಿಗುತ್ತಲ್ಲ ಬ್ರೆಡ್ಡು. ಯಾಕೆ ಈ ಒದ್ದಾಟ?"

ಇದೊಂದು ಸರಿಯಾದರೆ ಎಲ್ಲವೂ ಸರಿಯಾಗುತ್ತದೆ ಎಂದೇನೋ.

ಫೆಬ್ರವರಿ 17, ಸೋಮವಾರ

ದೊಡ್ಡ ಮೇಡಂ ಫೋನ್ ಮಾಡಿದ್ದರು. ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ. ಬರುತ್ತೇನೋ ಇಲ್ಲವೋ 24ರೊಳಗೆ ಹೇಳಬೇಕಂತೆ. ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕು. "ನಿನ್ನ ಮೂಗಿನಂಥ ಮೂಗು ನಾನೆಲ್ಲಿ ಹುಡುಕಲಿ?" ಅಂದರು.

ಪತ್ರಕ್ಕೆ ದಿನಾಂಕ ಹಾಕಲು ಕೂತೆ. ಪೆನ್ನು ಬರೆಯಲಿಲ್ಲ. ಬೇರೆ ಪೆನ್ನು ಹುಡುಕಲು ಏಳಲಿಲ್ಲ. ಪತ್ರ ಮೇಜಿನ ಮೇಲೇ ಉಳಿಯಿತು.

ಫೆಬ್ರವರಿ 19, ಬುಧವಾರ

ಅಮ್ಮನ ಫೋನ್. ಜಗಳವಾದ ಮೇಲೆ ಮೊದಲ ಸಲ. ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆಗಳನ್ನು ಮೂರು ಮೂರು ನಿಮಿಷ ಎಣಿಸಿ ಕೊಟ್ಟ ಅಭ್ಯಾಸ, ಇವತ್ತಿಗೂ ಮೂರು ನಿಮಿಷ ದಾಟಿಸುವುದಿಲ್ಲ.

"ರವೆ ನೆನೆ ಹಾಕಿದ್ಯಾ?"

"ಏನು?"

"ಬ್ರೆಡ್ಡಿಗೆ. ರವೆ ನೆನೆ ಹಾಕಿದ್ಯೋ, ಹಾಗೇ ಕಲಸಿದ್ಯೋ?"

"ಹಾಗೇ ಕಲಸಿದೆ."

"ಅದಕ್ಕೇ. ನಾಳೆ ಬರ್ತೀನಿ. ಎಳ್ಳು ತೊಳೆದಿಡಬೇಡ, ನಾನು ತೊಳೀತೀನಿ. ಮೂರು ನಿಮಿಷ ಆಯ್ತು."

ಆಗಿರಲಿಲ್ಲ. ಒಂದು ನಿಮಿಷವೂ ಆಗಿರಲಿಲ್ಲ.

ಫೆಬ್ರವರಿ 21, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಅಮ್ಮ ಒಂಬತ್ತಕ್ಕೇ ಬಂದಳು. ನನ್ನ ತಕ್ಕಡಿಯನ್ನು ಅಡುಗೆಕಟ್ಟೆಯ ಮೂಲೆಗೆ ತಳ್ಳಿದಳು. ಲೋಟದಲ್ಲಿ ಮೂರು ಪಾಲು ಸಣ್ಣ ರವೆ, ಒಂದು ಪಾಲು ಮೈದಾ. ರವೆಗೆ ಉಗುರುಬೆಚ್ಚಗಿನ ನೀರು ಹಾಕಿ ಮುಚ್ಚಿಟ್ಟಳು.

"ಈಗ?"

"ಈಗ ಏನಿಲ್ಲ. ಅದು ಕುಡೀಲಿ."

"ಎಷ್ಟು ನಿಮಿಷ?"

"ಬಾಯಾರಿಕೆ ತೀರೋವರೆಗೂ. ನಿನ್ನ ಮಗು ಕುಡಿಯೋದನ್ನೂ ಗಡಿಯಾರ ಹಿಡಿದು ನೋಡ್ತೀಯಂತೆ. ಅಳಿಯಂದಿರು ಹೇಳಿದ್ರು."

ಇವರ ಬಾಯಿಗೆ ಬೀಗವಿಲ್ಲ.

ಅರ್ಧ ಗಂಟೆಗೆ ರವೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಯೀಸ್ಟ್, ಉಪ್ಪು, ಮೈದಾ ಸೇರಿಸಿ ಅಮ್ಮ ನಾದಿದಳು, ಹಿಂಗೈಯಿಂದ ಒತ್ತಿ, ಮಡಚಿ, ತಿರುಗಿಸಿ. ಭಟ್ಟಿ ಅಜ್ಜಿ ನಾದುತ್ತಿದ್ದದ್ದು ಥೇಟ್ ಹಾಗೆಯೇ. ಎಡ ಭುಜ ಕೊಂಚ ಮೇಲೆದ್ದಿತ್ತು, ಅದೂ ಅಜ್ಜಿಯದೇ.

"ನೀನು ಇದನ್ನ ಯಾವಾಗ ಕಲಿತೆ?"

"ಕಲೀಲಿಲ್ಲ, ನೋಡಿದೆ. ದಿನಾ ಸಂಜೆ ಹತ್ತು ನಿಮಿಷ ಬಾಗಿಲ ಹೊರಗೆ ನಿಂತು ನೋಡ್ತಿದ್ದೆ. ಮಾರನೇ ದಿನದ ಹಿಟ್ಟು ನಾದ್ತಿದ್ಲು ಆ ಯಮ್ಮ."

"ಒಳಗೆ ಯಾಕೆ ಬರ್ತಿರಲಿಲ್ಲ?"

ಅಮ್ಮ ಹಿಟ್ಟನ್ನು ಎರಡು ಸಲ ಮಡಚಿದಳು. "ಧೈರ್ಯ ಮಾಡ್ಕೋತಿದ್ದೆ. ಒಂದು ದಿನ ನೆಟ್ಟಗೆ ಒಳಗೆ ಬಂದಿದ್ದೆ. ಚಳಿಗಾಲ. ನೀನು ಮೂಟೆ ಮೇಲೆ ಹಿಟ್ಟಿನ ಪಾತ್ರೆ ತಬ್ಬಿಕೊಂಡು ಮಲಗಿದ್ದೆ. ಚಳಿಗೆ ಹಿಟ್ಟು ಉಬ್ಬಲ್ಲ ಅಂತ ಆ ಯಮ್ಮ ನಿನ್ನ ಪಕ್ಕ ಪಾತ್ರೆ ಇಟ್ಟು ಇಬ್ಬರಿಗೂ ಒಂದೇ ಕಂಬಳಿ ಹೊದಿಸ್ತಿದ್ಲು. ನಿನ್ನ ಮೈ ಬಿಸಿ ಹಿಟ್ಟಿಗೆ ಸಾಕು ಅಂತ."

ಮಲಗಿದ್ದ ಹಿಟ್ಟು ಅದು. ನನ್ನ ಪಕ್ಕದಲ್ಲೇ ಮಲಗಿತ್ತು.

"ಎತ್ಕೊಂಡೆ. ಎಚ್ಚರ ಆಯ್ತು ನಿನಗೆ. ನನ್ನ ಮುಖ ನೋಡಿ ಅತ್ತೆ. 'ಅಜ್ಜಿ' ಅಂದೆ. ಮನೆವರೆಗೂ ಅಜ್ಜಿ ಅಜ್ಜಿ ಅಂತಲೇ ಅತ್ತೆ. ಎದೆಗೆ ಅವಚಿಕೊಂಡ್ರೆ ನಿನ್ನ ತಲೆ ತುಂಬ ಎಳ್ಳಿನ ವಾಸನೆ. ಬೇರೆ ಯಾರದೋ ಮಗು ಎತ್ಕೊಂಡ ಹಾಗಿತ್ತು. ಅವತ್ತಿಂದ ತಲೆ ತೊಳೆಯೋಕೆ ಶುರು ಮಾಡಿದೆ. ತೊಳೆದ ಮೇಲೆ ನನ್ನ ಮಗು ಆಗ್ತಿದ್ದೆ."

"ಕೊಳೆ ಅಂತಿದ್ದೆ."

"ಇನ್ನೇನು ಅನ್ನಲಿ? ಅಷ್ಟು ಚಿಕ್ಕ ಮಗೂಗೆ ಹೊಟ್ಟೆಕಿಚ್ಚು ಅಂತ ಹೇಳೋಕಾಗುತ್ತಾ?"

"ಅಮ್ಮ, ಚಿಕ್ಕಂದಿನಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರೋದು ಆ ಮೂಟೆಗಳು. ಅಲ್ಲಿ ನನಗೆ ಏನೂ ಕಷ್ಟ ಇರಲಿಲ್ಲ."

"ಗೊತ್ತು. ಅದೇ ಅಲ್ವಾ ನನ್ನ ಕಷ್ಟ." ಹಿಟ್ಟನ್ನು ಪಾತ್ರೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದಳು. "ಕೆಟ್ಟ ಜಾಗ ಆಗಿದ್ರೆ ಮೊದಲನೇ ದಿನವೇ ಕೆಲಸ ಬಿಡ್ತಿದ್ದೆ. ಒಳ್ಳೇ ಜಾಗ ಅಂತಲೇ ನಿನ್ನ ಬಿಟ್ಟು ಹೋದೆ. ಒಳ್ಳೇ ಜಾಗ ಅಂತಲೇ ಉರ್ಕೊಂಡೆ. ಸರಿ, ತೊಳೆದ ಎಳ್ಳು ಆರಬೇಕು, ಒಂದು ಕಾಗದ ಕೊಡು."

ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ಕೊಟ್ಟೆ.

ಪಾತ್ರೆ ಮುಟ್ಟಿದರೆ ತಣ್ಣಗಿತ್ತು. "ಇದೂ ಉಬ್ಬಲ್ಲ," ಅಂದೆ.

"ಪಕ್ಕದಲ್ಲಿಟ್ಕೊಂಡು ಹತ್ತು ನಿಮಿಷ ಮಲಗು. ಮಗು ನನ್ನ ಹತ್ರ ಇರಲಿ. ಹತ್ತೇ ನಿಮಿಷ."

ನಗು ಬಂತು. ಆದರೂ ನಡುಮನೆಯ ಹಾಸಿಗೆಯಲ್ಲಿ ಮಗ್ಗುಲಾಗಿ ಪಾತ್ರೆಯನ್ನು ಹೊಟ್ಟೆಗೆ ಒತ್ತಿಕೊಂಡು ಕಂಬಳಿ ಎಳೆದುಕೊಂಡೆ. ಆಗ ಹನ್ನೊಂದು ಗಂಟೆ. ಅಡುಗೆಮನೆಯಲ್ಲಿ ಅಮ್ಮ ಮಗುವಿಗೆ ಏನೋ ಹೇಳುತ್ತಿದ್ದಳು, ಎಕ್ಸ್‌ಚೇಂಜಿನ ಹಳೇ ದನಿಯಲ್ಲಿ, "ಲೈನಿನಲ್ಲೇ ಇರಿ, ಲೈನಿನಲ್ಲೇ ಇರಿ."

ಎದ್ದಾಗ ಮೂರೂಕಾಲು.

ಹಿಟ್ಟು ಪಾತ್ರೆ ದಾಟಿ, ಬಟ್ಟೆ ಎತ್ತಿಕೊಂಡು, ಕಂಬಳಿಗೆ ಮೆತ್ತಿಕೊಂಡಿತ್ತು. ನನ್ನ ಮೊಣಕೈಗೂ. ಎದ್ದು ಓಡಿದೆ. ಮಗು ಅಮ್ಮನ ತೊಡೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಖಾಲಿ ಬಟ್ಟಲು, ಚಮಚ. ಬೆಳಿಗ್ಗೆ ನಾನು ತೆಗೆದಿಟ್ಟಿದ್ದ ಹಾಲು.

"ಕುಡಿದ್ಲಾ?"

"ಮೊದಲು ನನ್ನ ಸೀರೆಗೆ ಕುಡಿಸಿದ್ಲು. ಆಮೇಲೆ ತಾನು ಕುಡಿದ್ಲು."

"ನನ್ನ ಯಾಕೆ ಎಬ್ಬಿಸಲಿಲ್ಲ?"

ಅಮ್ಮ ತಲೆ ಎತ್ತಲಿಲ್ಲ. "ಹಿಟ್ಟು ಮಲಗಿತ್ತು."

ಬ್ರೆಡ್ಡು ಹಾಳಾಯಿತು. ಅತಿಯಾಗಿ ಉಬ್ಬಿದ್ದು ಓವನ್ನಿನಲ್ಲಿ ಕುಸಿದು ತಟ್ಟೆಯಾಯಿತು, ಹುಳಿ ಬೇರೆ. ಕಂಬಳಿಯಿಂದ ಹಿಟ್ಟು ಬಿಡಿಸಲು ಒಂದು ಗಂಟೆ ಹಿಡಿಯಿತು. ಪಟ್ಟಿಯಲ್ಲಿ ಹನ್ನೊಂದರಿಂದ ಮೂರೂಕಾಲರವರೆಗೆ ಖಾಲಿ ಇದೆ. ಅಮ್ಮನನ್ನು ಕೇಳಿ ತುಂಬಿಸಬೇಕು.

ಫೆಬ್ರವರಿ 24, ಸೋಮವಾರ

ಎರಡು ದಿನ ಬರೆಯಲು ಆಗಲಿಲ್ಲ. ಅಮ್ಮ ದಿನಾ ಬರುತ್ತಿದ್ದಾಳೆ. ಮಧ್ಯಾಹ್ನ ನಾನು ಸ್ವಲ್ಪ ಮಲಗುತ್ತೇನೆ, ಪಾತ್ರೆಯ ಜೊತೆ. ಎರಡು ಗಂಟೆಗೆ ಗಡಿಯಾರ ಕೂಗುವಂತೆ ಇಡುತ್ತೇವೆ, ನನಗಲ್ಲ, ಹಿಟ್ಟಿಗೆ.

ಪಟ್ಟಿ ತುಂಬಿಸಲು ಕೇಳಬೇಕೆಂದುಕೊಂಡಿದ್ದೆ, ಮರೆತೆ. ಪಟ್ಟಿಯನ್ನು ಎಲ್ಲಿಟ್ಟೆನೋ ಕಾಣುತ್ತಿಲ್ಲ.

ಮಧ್ಯಾಹ್ನ ದೊಡ್ಡ ಮೇಡಂ ಫೋನ್ ಮಾಡಿದಾಗ ಎಳ್ಳಿನ ಕಾಗದ ಕಟ್ಟೆಯ ಮೇಲೇ ಇತ್ತು. ಕಾಳು ಒಂದು ಕಡೆ ಸರಿಸಿದರೆ ಕೆಳಗೆ ನನ್ನದೇ ಅಕ್ಷರ. "ವೈಯಕ್ತಿಕ ಕಾರಣಗಳಿಂದ" ಎಂಬುದರ ಮೇಲೆ ನೀರಿನ ಕಲೆ, "ದಯವಿಟ್ಟು ಅಂಗೀಕರಿಸಿ" ಎಂಬಲ್ಲಿ ಎಳ್ಳು ಅಂಟಿಕೊಂಡಿದೆ. ಮತ್ತೆ ಚೊಕ್ಕವಾಗಿ ಬರೆಯಬೇಕು. ಮೇಡಂ "ಹಲೋ, ಹಲೋ" ಅನ್ನುತ್ತಿದ್ದರು. ಕೈಯೆಲ್ಲ ಹಿಟ್ಟು, ಬೇಗ ಫೋನ್ ಇಡಬೇಕಿತ್ತು. ಬರ್ತೀನಿ ಮೇಡಂ ಅಂದೆ.

ಮಾರ್ಚ್ 1, ಶನಿವಾರ

ಇವತ್ತು ಬಂತು.

ಎಳ್ಳನ್ನು ಉದುರಿಸುವುದಲ್ಲವಂತೆ. ಬ್ರೆಡ್ಡಿನ ಉಂಡೆಯ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಲೆಕೆಳಗು ಮಾಡಿ ಎಳ್ಳಿನ ಮೇಲೆ ಒತ್ತಬೇಕು. ಒತ್ತಿ ಉರುಳಿಸಬೇಕು. ಅಮ್ಮ ಒಂದನ್ನು ಒತ್ತಿದಳು, ಇನ್ನೊಂದನ್ನು ನಾನು. ಓವನ್ನಿನೊಳಗೆ ಇಟ್ಟ ಮೇಲೆ ಅಮ್ಮ ಕುರ್ಚಿಯನ್ನು ಅದರ ಬಾಗಿಲಿಗೆ ಅಡ್ಡ ಹಾಕಿ, ಮಗುವನ್ನು ಎತ್ತಿಕೊಂಡು ಕೂತಳು. "ಈಗ ತೆಗಿ ನೋಡೋಣ."

ನಲವತ್ತು ನಿಮಿಷಕ್ಕೆ ಹೊರತೆಗೆದೆವು. ಹೊರಗೆ ಕಂದು, ಒಳಗೆ ಹಳದಿ. ತಳಕ್ಕೆ ಬೆರಳಿನಿಂದ ತಟ್ಟಿದರೆ ಬಾಗಿಲು ಬಡಿದ ಸದ್ದು. ಜಾಲರಿಯ ಮೇಲಿಟ್ಟ ಸ್ವಲ್ಪ ಹೊತ್ತಿಗೆ ಎರಡೂ ಚಟಚಟ ಅನ್ನತೊಡಗಿದವು. ಇವರು ಸ್ನಾನದ ಮನೆಯಿಂದ ಕೇಳಿದರು, "ಏನದು ಸದ್ದು, ವೈರು ಸುಡ್ತಿದೆಯಾ?"

"ಮಾತಾಡ್ಕೋತಾ ಇವೆ," ಅಂದೆ.

ರುಚಿ ಅದೇ ಅಲ್ಲ. ಭಟ್ಟಿಯ ಹೊಗೆ ಇದರಲ್ಲಿಲ್ಲ. ಆದರೆ ಅದರ ತಂಗಿ ಅನ್ನಬಹುದು. ನಾಲಿಗೆಯ ಅಂಚಿಗೆ ರವೆಯ ಸಣ್ಣ ತರಿ, ಹಲ್ಲಿಗೆ ಸಿಕ್ಕ ಎಳ್ಳು. ನಾನು ತಿನ್ನುತ್ತ ಕಣ್ಣು ಮುಚ್ಚಿದ್ದೆ. ತೆರೆದು ನೋಡಿದರೆ ಅಮ್ಮ ಒಂದು ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದಳು.

"ತಿನ್ನು ಅಮ್ಮ."

"ಇದನ್ನ ನಾನು ಒಂದು ದಿನವೂ ತಿಂದಿಲ್ಲ. ಆ ಯಮ್ಮ ದಿನಾ ಸಂಜೆ ಒಂದು ಸುತ್ತಿ ಕೊಡ್ತಿದ್ಲು, 'ನೀನೂ ತಿನ್ನಮ್ಮ, ಹಸ್ಕೊಂಡು ಬಂದಿರ್ತೀಯ' ಅಂತ. ನಿನಗೆ ಕೊಡ್ತಿದ್ದೆ. ನಾನು ಮುಟ್ತಿರಲಿಲ್ಲ."

ಬಾಯಿಗಿಟ್ಟಳು. ತುಂಬ ಹೊತ್ತು ಅಗಿದಳು.

"ನಾಲ್ಕು ವರ್ಷ ಸುಮ್ನೆ ಹಟ ಮಾಡಿದೆ," ಅಂದು ಇನ್ನೊಂದು ತುಂಡಿಗೆ ಕೈ ಚಾಚಿದಳು.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಬಾಗಿಲು ದಾಟುವಾಗ ಮಗು ಅಳಲಿಲ್ಲ. ಅಮ್ಮನ ಕನ್ನಡಕ ಕೀಳುವುದರಲ್ಲಿ ಮುಳುಗಿದ್ದಳು. ಎರಡನೇ ಮಹಡಿಯ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಹತ್ತು ನಿಮಿಷ ಇರಬೇಕು. ಆಮೇಲೆ ಇಳಿದೆ.

ಪ್ರಯೋಗಾಲಯದಲ್ಲಿ ನನ್ನ ಕುರ್ಚಿಯ ಎತ್ತರವನ್ನು ಯಾರೋ ಬದಲಾಯಿಸಿದ್ದಾರೆ. ಹದಿನಾಲ್ಕು ಬಾಟಲಿ ನೀರು ಮೂಸಿದೆ. ಒಂಬತ್ತನೆಯದರಲ್ಲಿ ತುಕ್ಕಿನ ವಾಸನೆ ಇದೆ ಅಂದೆ. ಯಂತ್ರವೂ ಹೌದೆಂದಿತು. ದೊಡ್ಡ ಮೇಡಂ ಮೇಜಿನ ಮೇಲೆ ಒಂದು ಲೋಟ ಚಹಾ ಇಟ್ಟು ಹೋದರು. ಮಧ್ಯಾಹ್ನ ಮನೆಗೆ ಫೋನ್ ಮಾಡಿದೆ.

"ಕುಡಿದ್ಲಾ?"

"ಕುಡಿದ್ಲು."

"ಮಲಗಿದ್ಲಾ?"

"ಮಲಗಿದ್ದಾಳೆ. ಎದ್ರೆ ನಿನಗೇ ಕನೆಕ್ಷನ್ ಕೊಡ್ತೀನಿ. ಬ್ರೆಡ್ಡಿಗೆ ಎಳ್ಳು ಒತ್ತೋದಿದೆ, ಮೂರು ನಿಮಿಷ ಆಯ್ತು." ಇಟ್ಟಳು. ಮತ್ತೆ ಮಾಡಲಿಲ್ಲ. ಒಂದು ಸಲ ಮಾತ್ರ ಮಾಡಿದೆ.

ಸಂಜೆ ಬೀಗದ ಕೈ ತಿರುಗಿಸುವ ಮೊದಲೇ ಬಾಗಿಲಿನ ಹೊರಗೆ ವಾಸನೆ ಸಿಕ್ಕಿತು. ಮಗು ಅಮ್ಮನ ಹೆಗಲ ಮೇಲಿದ್ದಳು. ನನ್ನನ್ನು ನೋಡಿದಳು, ಒಂದು ಕ್ಷಣ ಯೋಚಿಸಿದಳು, ಮತ್ತೆ ಅಮ್ಮನ ಕುತ್ತಿಗೆಗೆ ಮುಖ ಒತ್ತಿಕೊಂಡಳು. ಆ ಒಂದು ಕ್ಷಣ ಏನಾಯಿತು ಎಂದು ಇಲ್ಲಿ ಬರೆಯುವುದಿಲ್ಲ. ಆಮೇಲೆ ತಾನೇ ಕೈ ಚಾಚಿದಳು.

ಎತ್ತಿಕೊಂಡು ನೆತ್ತಿಗೆ ಮೂಗು ಒತ್ತಿದೆ.

ಅಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು. "ಎಳ್ಳಿನ ಕೈಯಲ್ಲೇ ಎತ್ಕೊಂಡಿದ್ದೆ ಕಣೇ, ಅಳ್ತಿದ್ಲು ಅಂತ. ಬಿಸಿನೀರು ಕಾಯಿಸಿಟ್ಟಿದ್ದೀನಿ. ಬಚ್ಚಲಲ್ಲಿದೆ."

ಬಚ್ಚಲಿಗೆ ಹೋದೆ. ನೀರು ಹದವಾಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡೇ ಆ ನೀರಿನಲ್ಲಿ ನನ್ನ ಕಾಲು ತೊಳೆದುಕೊಂಡು ಬಂದೆ. ಬಸ್ಸಿಗೆ ತಡವಾಗುತ್ತದೆಂದು ಅಮ್ಮ ಹೊರಟಾಗ ಒಂದು ಬ್ರೆಡ್ಡು ಕಾಗದದಲ್ಲಿ ಸುತ್ತಿ ಕೊಟ್ಟೆ. ತೆಗೆದುಕೊಂಡಳು.

ಈ ಪುಸ್ತಕ ಎಂಟು ಗಂಟೆಗೇ ಮುಚ್ಚುತ್ತಿದ್ದೇನೆ, ನಿದ್ದೆ ಬರುತ್ತಿದೆ. ಇಷ್ಟು ದಿನ ಗೆರೆ ದಾಟಿ ಬರೆದೆ. ಇವತ್ತೊಂದು ದಿನ ಕಲಂ ಪ್ರಕಾರ:

ಮಾದರಿ: ಮಗುವಿನ ತಲೆ.

ಬಣ್ಣ: ಕಪ್ಪು, ಅಲ್ಲಲ್ಲಿ ಹಿಟ್ಟು.

ವಾಸನೆ: ಎಳ್ಳು.

ಷರಾ: ತೊಳೆದಿಲ್ಲ.